ಗೊಣ್ಣೆ ಹುಳು ಮತ್ತು ಮೊದಲ ಮಳೆಯ ನಾಲ್ಕು ರಾತ್ರಿ

ಪ್ರತಿ ವರ್ಷ ಗಣೇಶ ಚೌತಿ ಮುಗಿದು ಮಹಾನವಮಿ ಸಮೀಪಿಸುವ ಹೊತ್ತಿಗೆ ಈ ಒಕ್ಕಲುತನದ ಪುಟಕ್ಕೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಅಕ್ಕಲಕೋಟೆಯ ಕಡೆಯಿಂದ ಒಬ್ಬರು, “ನೀರು ಬಿಟ್ಟರೂ ಕಬ್ಬು ಬಾಡುತ್ತಿದೆ, ಹಿಡಿದೆಳೆದರೆ ಗಡ್ಡೆ ಸಹಿತ ಕೈಗೆ ಬರುತ್ತದೆ” ಎನ್ನುತ್ತಾರೆ. ಜತ್ತದ ಕಡೆಯಿಂದ ಇನ್ನೊಬ್ಬರು, “ಶೇಂಗಾದ ಹೊಲದಲ್ಲಿ ಅಲ್ಲಲ್ಲಿ ಚಕ್ಕಡಿಯ ಗಾಲಿಯಷ್ಟು ಅಗಲ ಒಣಗಿದೆ” ಎನ್ನುತ್ತಾರೆ. ಎಲ್ಲರ ಕೊನೆಯ ಮಾತೂ ಒಂದೇ: “ಏನು ಹಾಕಬೇಕು, ಬೇಗ ತಿಳಿಸಿರಿ.”

ನಾವು ಕೊಡುವ ಉತ್ತರವೂ ಪ್ರತಿ ಸಲ ಒಂದೇ ಆಗಿರುವದರಿಂದ ಬರೆಯಲು ನಮಗೆ ನಾಚಿಕೆಯಾಗುತ್ತದೆ. ಹೊತ್ತು ಮೀರಿತು ಎಂಬುದೇ ಆ ಉತ್ತರ. ಆದುದರಿಂದ ಈ ಸಲ ಪ್ರಶ್ನೆ ಬರುವ ಮೊದಲೇ, ಇನ್ನೂ ನೆಲ ಕಾದಿರುವ ವೈಶಾಖದಲ್ಲಿಯೇ, ಈ ಮಾತನ್ನು ಎತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವದು ಒಳ್ಳೆಯದು. ಗೊಣ್ಣೆ ಹುಳು ಒಬ್ಬನ ಹೊಲದ ಪೀಡೆಯಲ್ಲ, ಊರ ಪೀಡೆ. ಅದರ ಮದ್ದು ಅಂಗಡಿಯಲ್ಲಿಲ್ಲ; ಮೊದಲ ಮಳೆಯ ತರುವಾಯದ ನಾಲ್ಕು ರಾತ್ರಿಗಳಲ್ಲಿದೆ. ಆ ನಾಲ್ಕು ರಾತ್ರಿ ಊರೆಲ್ಲ ಕೂಡಿ ಎದ್ದರೆ ಬೆಳೆ ಉಳಿಯುವದು, ಮಲಗಿದರೆ ಉಳಿಯದು.

ಹುಳುವಿನ ತಾಯಿ ಯಾರು?

ಗೊಣ್ಣೆ ಹುಳುವನ್ನು ಕಾಣದ ಒಕ್ಕಲಿಗನಿಲ್ಲ. ಹೆಬ್ಬೆರಳಷ್ಟು ದಪ್ಪ, ಬಿಳಿಯ ಮೈ, ಕಂದು ತಲೆ, ಮುಂಭಾಗದಲ್ಲಿ ಮೂರು ಜೊತೆ ಕಾಲು. ಕೈಯಲ್ಲಿ ಹಿಡಿದರೆ ಕುಡಗೋಲಿನಂತೆ ಬಾಗಿ ಮುದುಡಿಕೊಳ್ಳುವದು. ನಮ್ಮ ಸುತ್ತಲಿನ ಮರಾಠಿ ಬಂಧುಗಳು ಇದನ್ನೇ ಹುಮಣಿ ಎನ್ನುತ್ತಾರೆ. ಆದರೆ ಮಳೆಗಾಲದ ಮೊದಲಿಗೆ ಸಂಜೆಯ ಹೊತ್ತು ಮನೆಯ ದೀಪಕ್ಕೆ ಬಂದು ಬಡಿದು ಬೀಳುವ ಕಂದು ಬಣ್ಣದ ದುಂಬಿಯೇ ಇದರ ತಾಯಿ ಎಂಬುದನ್ನು ಎಷ್ಟು ಮಂದಿ ಅರಿತಿದ್ದಾರೆ? ಅದನ್ನು ಕಸಬರಿಗೆಯಿಂದ ಗುಡಿಸಿ ಹೊರಗೆ ಚೆಲ್ಲುತ್ತೇವೆ. ಮೂರು ತಿಂಗಳ ಮೇಲೆ ಅದರ ಮಕ್ಕಳು ನಮ್ಮ ಬೆಳೆಯ ಬೇರನ್ನು ತಿನ್ನುವಾಗ, ಇವು ಎಲ್ಲಿಂದ ಬಂದವು ಎಂದು ಕೇಳುತ್ತೇವೆ!

ನಮ್ಮ ಭಾಗದ ಕಬ್ಬು, ಶೇಂಗಾಗಳಿಗೆ ಬೀಳುವ ಜಾತಿಯಲ್ಲಿ ಮುಖ್ಯವಾದುದನ್ನು ಶಾಸ್ತ್ರಜ್ಞರು ಹೋಲೋಟ್ರಿಕಿಯಾ ಸೆರಾಟಾ ಎಂದು ಕರೆಯುತ್ತಾರೆ. ವರ್ಷಕ್ಕೆ ಅದರದು ಒಂದೇ ಪೀಳಿಗೆ. ಇದನ್ನು ಮಳೆಯ ನಕ್ಷತ್ರಗಳ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುವದು ನಮ್ಮವರಿಗೆ ಸುಲಭ. ಮೇ ತಿಂಗಳ ಅಡ್ಡ ಮಳೆಗೋ, ರೋಹಿಣಿ ಇಲ್ಲವೆ ಮಿರಗದ ಮಳೆಗೋ ನೆಲ ಚೆನ್ನಾಗಿ ತೊಯ್ದೊಡನೆ ಮಣ್ಣಿನಲ್ಲಿ ಸುಮ್ಮನೆ ಕುಳಿತಿದ್ದ ದುಂಬಿಗಳು ಸಂಜೆ ಕತ್ತಲಾಗುವಾಗ ಹೊರಗೆ ಏಳುತ್ತವೆ. ಹತ್ತಿರದ ಗಿಡಗಳಿಗೆ ಹಾರಿ, ಅಲ್ಲಿ ಗಂಡು ಹೆಣ್ಣು ಕೂಡಿ, ರಾತ್ರಿಯೆಲ್ಲ ಎಲೆ ತಿಂದು, ಬೆಳಗಾಗುವ ಮೊದಲೇ ಮಣ್ಣು ಸೇರುತ್ತವೆ. ಕೆಲವು ದಿನಗಳಲ್ಲಿ ಹೆಣ್ಣು ಹಸಿ ಮಣ್ಣಿನಲ್ಲಿ ಹತ್ತಾರು ತತ್ತಿ ಇಡುತ್ತದೆ. ಆರಿದ್ರಾ ಮಳೆಯ ಹೊತ್ತಿಗೆ ತತ್ತಿ ಒಡೆದು ನೂಲಿನಂಥ ಮರಿ ಹೊರಡುವದು. ಅದು ಮೊದಲು ಕೊಳೆತ ಗೊಬ್ಬರ, ಎಳೆ ಬೇರು ತಿಂದುಕೊಂಡಿರುವದು. ಪುಷ್ಯ, ಆಶ್ಲೇಷಾಗಳಲ್ಲಿ ಒಮ್ಮೆ ಪೊರೆ ಬಿಟ್ಟು ಬೆಳೆಯುವದು. ಮಘಾ ಮಳೆಯಿಂದ ಸ್ವಾತಿಯವರೆಗೆ ಅದರ ಮೂರನೆಯ ಅವಸ್ಥೆ. ಹಾಳು ಮಾಡುವದು ಮುಖ್ಯವಾಗಿ ಆಗಲೇ. ಆಮೇಲೆ ಆಳಕ್ಕೆ ಇಳಿದು, ಮಣ್ಣಿನ ಗೂಡಿನಲ್ಲಿ ಕೋಶವಾಗಿ, ದುಂಬಿಯಾಗಿ ಮುಂದಿನ ಮಳೆಯ ದಾರಿ ಕಾಯುತ್ತ ಕೂಡುವದು.

ಈ ಲೆಕ್ಕವನ್ನು ನೋಡಿರಿ. ವರ್ಷದ ಬಹುಭಾಗ ಅದು ನೆಲದೊಳಗೆ ನಮ್ಮ ಕಣ್ಣಿಗೆ, ಕೈಗೆ ಸಿಗದಂತೆ ಇರುವದು. ನೆಲದ ಮೇಲೆ, ನಮ್ಮ ತಲೆಯ ಮೇಲಿನ ಟೊಂಗೆಯಲ್ಲಿ, ಗುಂಪಾಗಿ ಸಿಗುವದು ಆ ಕೆಲವೇ ರಾತ್ರಿ. ಕಳ್ಳ ಬೀದಿಗೆ ಬಂದಾಗ ಹಿಡಿಯದೆ, ಬಿಲ ಸೇರಿದ ಮೇಲೆ ಬಿಲಕ್ಕೆ ಹೊಗೆ ಹಾಕುವದು ಯಾವ ಜಾಣತನ?

ಕಾಸರಗೋಡಿನ ಕಡೆಯ ಅಡಿಕೆ ತೋಟದ ಓದುಗರಿಗೆ ಒಂದು ಮಾತು. ನಿಮ್ಮಲ್ಲಿಯ ಬೇರುಹುಳು ಲ್ಯೂಕೋಫೋಲಿಸ್ ಎಂಬ ಬೇರೆ ಕುಲದ್ದು. ಅದರ ಕಾಲದ ಲೆಕ್ಕ ಬೇರೆಯಾದ ಕಾರಣ ಇಲ್ಲಿಯ ನಕ್ಷತ್ರಗಳನ್ನು ನೀವು ಹಾಗೆಯೇ ಹಿಡಿಯಬಾರದು. ಮಳೆಗೆ ಎದ್ದ ದುಂಬಿಯನ್ನು ಸಂಜೆಯ ಹೊತ್ತು ಹಿಡಿಯಬೇಕೆಂಬ ಮಾತು ಮಾತ್ರ ನಿಮಗೂ ಸಲ್ಲುವದು.

ಗುರುತಿಸುವ ಬಗೆ

ಕಬ್ಬಿನಲ್ಲಿ ಮೊದಲು ಎಲೆ ಹಳದಿಯಾಗಿ, ಮೆಲ್ಲನೆ ಬಾಡಿ, ಇಡೀ ಗಡ್ಡೆ ಒಣಗುವದು. ನೀರು ಸಾಲದೆ ಬಾಡಿದ್ದರೆ ನೀರು ಬಿಟ್ಟ ಮರುದಿನ ಚೇತರಿಸುವದು. ಗೊಣ್ಣೆಯಿಂದ ಬಾಡಿದ್ದು ಚೇತರಿಸದು. ಗಾಳಿ ಬೀಸಿದರೆ ಬೀಳುವದು, ಎಳೆದರೆ ಸುಲಭವಾಗಿ ಕಿತ್ತು ಬರುವದು, ಬುಡದಲ್ಲಿ ಬೇರೇ ಇರುವದಿಲ್ಲ. ಶೇಂಗಾ ಗಿಡವೂ ಹಾಗೆಯೇ. ಹೊಲದಲ್ಲಿ ತೇಪೆ ತೇಪೆಯಾಗಿ ಒಣಗುತ್ತ ಹೋಗುವದು. ಗೆದ್ದಲು ತಿಂದಿದ್ದರೆ ಬುಡದಲ್ಲಿ ಮಣ್ಣಿನ ಸುರಂಗ, ಬಿಳಿಯ ಗೆದ್ದಲು ಕಾಣುವವು. ಗೊಣ್ಣೆಯಾದರೆ ಬುಡವನ್ನು ಗೇಣುದ್ದ ಅಗೆದು ನೋಡಿದಾಗ ಹುಳುವೇ ಸಿಗುವದು. ಕಾಗೆ, ಗೊರವಂಕ, ಬೆಳ್ಳಕ್ಕಿಗಳು ಒಂದೇ ಕಡೆ ಮೇಲಿಂದ ಮೇಲೆ ಇಳಿದು ನೆಲ ಕುಕ್ಕುತ್ತಿದ್ದರೆ ಅಲ್ಲಿ ಅಗೆದು ನೋಡಿರಿ; ಅವುಗಳ ಕಣ್ಣು ನಮಗಿಂತ ಚುರುಕು.

ಹೊಲವಷ್ಟೇ ಅಲ್ಲ, ವಾಡೆಯ ಅಂಗಳ, ಶಾಲೆಯ ಮೈದಾನ, ಗುಡಿಯ ಮುಂದಿನ ಹುಲ್ಲುಹಾಸುಗಳಲ್ಲಿಯೂ ಈ ಬಳಗದ ಹುಳುಗಳು ಸೇರಿಕೊಳ್ಳುತ್ತವೆ. ಕರಿಕೆ ಅಲ್ಲಲ್ಲಿ ಹಳದಿಯಾಗಿ, ಕಾಲಿಗೆ ಮೆತ್ತಗಾಗಿ ತಾಗಿ, ಹಿಡಿದೆತ್ತಿದರೆ ಜಮಖಾನೆಯಂತೆ ಸುತ್ತಿಕೊಂಡು ಬರುವದು. ಪರೀಕ್ಷೆಗೆಂದು ಒಂದು ಅಡಿ ಉದ್ದ, ಒಂದು ಅಡಿ ಅಗಲದ ಹುಲ್ಲನ್ನು ಮೂರು ಮಗ್ಗುಲು ಕೊಯ್ದು, ಪುಸ್ತಕದ ಹಾಳೆ ತಿರುವಿದಂತೆ ಮಗುಚಿ, ಮೂರು ನಾಲ್ಕು ಅಂಗುಲ ಮಣ್ಣು ಕೆದಕಿ ಎಣಿಸಿರಿ. ಐದರೊಳಗೆ ಇದ್ದರೆ ಗಟ್ಟಿ ಬೇರಿನ ಹುಲ್ಲು ತಾಳಿಕೊಳ್ಳುವದು; ಹುಲ್ಲನ್ನು ಮರಳಿ ಮುಚ್ಚಿ ನೀರು ಹಾಕಿದರೆ ಸಾಕು. ಹತ್ತರ ಮೇಲಿದ್ದರೆ ಆ ತೇಪೆಯನ್ನು ಅಗೆದು ಕೋಳಿಗಳನ್ನು ಬಿಡುವದು ಒಳ್ಳೆಯ ಉಪಾಯ.

ಇಲ್ಲೊಂದು ಎಚ್ಚರಿಕೆ. ಬಿಳಿಯ ಹುಳುಗಳೆಲ್ಲ ವೈರಿಗಳಲ್ಲ. ತಿಪ್ಪೆಯ ಗೊಬ್ಬರದಲ್ಲಿ ಸಿಗುವ ಕೆಲವು ಜಾತಿಗಳು ಕೊಳೆತದ್ದನ್ನು ಮಾತ್ರ ತಿನ್ನುತ್ತವೆ. ಹುಳುವನ್ನು ಬಯಲು ನೆಲದ ಮೇಲೆ ಬಿಟ್ಟು ನೋಡಿರಿ. ಅಂಗಾತ ಮಲಗಿ ಬೆನ್ನ ಮೇಲೆಯೇ ಸರಸರನೆ ಹರಿದು ಹೋದರೆ ಅದು ಗೊಬ್ಬರದ ಹುಳು, ಬಿಟ್ಟುಬಿಡಿರಿ. ಮಗ್ಗುಲಾಗಿ ಮುದುಡಿ ಬಿದ್ದುಕೊಂಡರೆ ಅದರ ಮೇಲೆ ಸಂಶಯಪಡಬೇಕು.

ಭಾದ್ರಪದದ ವಿಷ

ಗಡಿಯಂಚಿನ ಒಂದು ಹಳ್ಳಿಗೆ ನಾವು ಹೋದಾಗ ಕಂಡ ಒಂದು ಸಂಗತಿ. ಎರಡು ಎಕರೆ ಕಬ್ಬು ಹಚ್ಚಿದ ಒಕ್ಕಲಿಗರೊಬ್ಬರು ಭಾದ್ರಪದದಲ್ಲಿ ಹುಳು ಕಂಡು ಗಾಬರಿಯಾಗಿ, ಸಾಲ ಮಾಡಿ ವಿಷ ತಂದು, ಎರಡು ಸಲ ನೀರಿನೊಡನೆ ಬಿಟ್ಟಿದ್ದರು. ನಾವು ಬುಡ ಅಗೆದು ನೋಡಿದಾಗ ಹುಳು ದಪ್ಪಗೆ, ಆರಾಮವಾಗಿ ಇದ್ದಿತು. ಸತ್ತದ್ದು ಎರೆಹುಳು! ಅವರ ಮನೆಯವರು ಕುಡಿಯುವ ಬಾವಿಯೂ ಅದೇ ಹೊಲದ ತಗ್ಗಿನಲ್ಲಿತ್ತು. “ಇಷ್ಟು ಹಾಕಿದರೂ ಸಾಯಲಿಲ್ಲವೇಕೆ?” ಎಂದು ಅವರು ಕೇಳಿದ ದನಿ ಇನ್ನೂ ನಮ್ಮ ಕಿವಿಯಲ್ಲಿದೆ.

ಸಾಯಲಿಲ್ಲವೇಕೆಂದರೆ, ಬಲಿತ ಹುಳು ಗಟ್ಟಿ, ಅದಿರುವದು ಆಳದಲ್ಲಿ, ಮೇಲೆ ಬಿಟ್ಟ ಔಷಧ ಅಲ್ಲಿಯವರೆಗೆ ಸಾಕಷ್ಟು ಇಳಿಯದು. ಹಿಂದಿನವರು ಬಿ.ಎಚ್.ಸಿ. ಪುಡಿಯನ್ನು ಮಣ್ಣಿಗೆ ಕಲಸುತ್ತಿದ್ದರು. ಅದು ನೆಲದಲ್ಲಿ ವರ್ಷಾನುಗಟ್ಟಲೆ ಉಳಿದು ಹಾಲು, ಕಾಳುಗಳಲ್ಲಿ ಸೇರುವದೆಂದು ಕಂಡುಬಂದು, ಸರಕಾರವು 1997 ರಲ್ಲಿ ಅದನ್ನು ನಿಷೇಧಿಸಿತು. ಆಮೇಲೆ ಮನೆಮಾತಾಗಿದ್ದ ಫೋರೇಟ್ ಹರಳನ್ನು ಕೂಡ 2020 ರ ಡಿಸೆಂಬರ್ 31 ರಿಂದ ಬಳಸಬಾರದೆಂದು ಕೇಂದ್ರ ಸರಕಾರದ ಆಜ್ಞೆಯಾಗಿದೆ. ಯಾರಾದರೂ ಹಳೆಯ ಚೀಲ ತೆಗೆದು “ಇದೇ ಗಟ್ಟಿ ಮದ್ದು” ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿರಿ. ಕಾಯಿದೆಯ ಮಾತು ಹಾಗಿರಲಿ. ನಿಮ್ಮ ಬಾವಿಯ ಸಲುವಾಗಿ ಬೇಡ. ಔಷಧ ಹಾಕಲೇಬೇಕಾದ ಹೊಲವಿದ್ದರೆ, ಹುಳು ಚಿಕ್ಕದಿರುವ ಆರಿದ್ರಾ, ಪುನರ್ವಸುಗಳಲ್ಲಿ, ಆ ಬೆಳೆಗೆ ಒಪ್ಪಿಗೆಯಿರುವುದನ್ನೇ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಹಾಕತಕ್ಕದ್ದು.

ನಾಲ್ಕು ರಾತ್ರಿಯ ಕೆಲಸ

ಕೆಲಸ ಬಹಳ ಸಾದಾ. ದುಂಬಿಗೆ ಬಹು ಪ್ರೀತಿಯ ಗಿಡ ಬೇವು. ಜಗತ್ತಿನ ಹುಳುಗಳಿಗೆಲ್ಲ ಕಹಿಯೆಂದು ನಾವು ನಂಬಿರುವ ಬೇವೇ ಇದಕ್ಕೆ ಹಬ್ಬದೂಟ! ಆಮೇಲೆ ಜಾಲಿ, ಬಾರಿ, ನುಗ್ಗಿ. ಊರ ಸುತ್ತಲಿನ ಬದುಗಳಲ್ಲಿ ಇಂಥ ಗಿಡ ಎಲ್ಲೆಲ್ಲಿವೆಯೆಂದು ಮಳೆಗೆ ಮೊದಲೇ ಎಣಿಸಿ, ಹತ್ತು ಗಿಡಕ್ಕೊಂದು ತಂಡವೆಂದು ಹಂಚಿಕೊಳ್ಳಬೇಕು. ನೆಲ ತೋಯುವ ಮೊದಲ ಮಳೆ ಬಿದ್ದ ಸಂಜೆಯಿಂದ ಪ್ರತಿ ರಾತ್ರಿ 8 ರಿಂದ 10 ರವರೆಗೆ ಗಿಡದ ಕೆಳಗೆ ತಟ್ಟು ಇಲ್ಲವೆ ಹಳೆಯ ಸೀರೆ ಹಾಸಿ, ಕೊಕ್ಕೆಗೋಲಿನಿಂದ ಟೊಂಗೆ ಜಗ್ಗಿ ಅಲ್ಲಾಡಿಸಬೇಕು. ದುಂಬಿ ತಪತಪನೆ ಬೀಳುವವು. ಆರಿಸಿ, ಸ್ವಲ್ಪ ಚಿಮಣಿ ಎಣ್ಣೆ ಹಾಕಿದ ನೀರಿನ ಬುಟ್ಟಿಗೆ ಹಾಕಿದರೆ ಮುಗಿಯಿತು. ಎಣ್ಣೆ ಸಿಗದಿದ್ದಲ್ಲಿ ಸಾಬೂನಿನ ನೀರೂ ನಡೆಯುವದು. ಬೆಳಿಗ್ಗೆ ತಗ್ಗು ತೋಡಿ ಹುಗಿಯತಕ್ಕದ್ದು. ಎಣ್ಣೆ ತಾಗಿದ್ದನ್ನು ಕೋಳಿಗೆ ಹಾಕಬಾರದು. ಹೀಗೆ ಎಡೆಬಿಡದೆ ನಾಲ್ಕು ರಾತ್ರಿ. ಮುಂದೆ ಮತ್ತೊಂದು ದೊಡ್ಡ ಮಳೆ ಬಿದ್ದರೆ ಪುನಃ ಒಂದೆರಡು ರಾತ್ರಿ.

ಮೊದಲ ಮಳೆಗೆ ಹಾವು, ಚೇಳುಗಳೂ ಹೊರಬೀಳುವದರಿಂದ ಕಾಲಲ್ಲಿ ಮೆಟ್ಟು, ಕೈಯಲ್ಲಿ ಬ್ಯಾಟರಿ ಇರಲೇಬೇಕು. ವಿದ್ಯುತ್ ತಂತಿಯ ಹತ್ತಿರದ ಗಿಡಕ್ಕೆ ಕೊಕ್ಕೆ ಹಾಕಬಾರದು. ಆ ರಾತ್ರಿಗಳಲ್ಲಿ ಮನೆಯಂಗಳದ, ಹುಲ್ಲುಹಾಸಿನ ದೀಪಗಳನ್ನು ಆರಿಸಿಟ್ಟರೆ ಅಂಗಳಕ್ಕೆ ದುಂಬಿ ಬರುವದು ಕಡಿಮೆಯಾಗುವದು. ಬೇಕಿದ್ದರೆ ಬಯಲಲ್ಲಿ ಒಂದು ದೀಪ ತೂಗಹಾಕಿ, ಕೆಳಗೆ ಸಾಬೂನು ನೀರಿನ ದೊಡ್ಡ ಪಾತ್ರೆ ಇಟ್ಟರೆ ಅದೂ ಒಂದು ಬಲೆ.

ಲಾಭದ ಲೆಕ್ಕ ಹಾಕಿರಿ. ಹೆಣ್ಣೊಂದು 20 ತತ್ತಿ ಇಡುವದೆಂದು ಕಡಿಮೆಯಲ್ಲಿ ಕಡಿಮೆ ಹಿಡಿದರೂ, ತತ್ತಿಯಿಡುವ ಮೊದಲು 100 ಹೆಣ್ಣು ದುಂಬಿ ಬುಟ್ಟಿಗೆ ಬಿದ್ದರೆ 2000 ಹುಳು ಹುಟ್ಟದೇ ಹೋದಂತೆ. ಅಷ್ಟು ಹುಳುಗಳನ್ನು ಭಾದ್ರಪದದಲ್ಲಿ ಅಗೆದು ತೆಗೆಯಲು ಎಷ್ಟು ಆಳು ಬೇಕು?

ಒಬ್ಬನಿಂದ ಆಗದು

“ನನ್ನ ಬದುವಿನ ಗಿಡ ನಾನು ನೋಡಿಕೊಳ್ಳುತ್ತೇನೆ, ಊರ ಗೊಡವೆ ನನಗೇಕೆ?” ಎನ್ನುವವರಿದ್ದಾರೆ. ಅವರ ಬದುವಿನಲ್ಲಿ ಸತ್ತಷ್ಟೇ ದುಂಬಿ ನೆರೆಯವನ ಬೇವಿನಲ್ಲಿ ಉಂಡು, ಬಂದು ಇವರ ಕಬ್ಬಿನಲ್ಲಿ ತತ್ತಿ ಇಡುವವು. ಬದುವಿನ ಕಲ್ಲು ನಮಗೆ ಗೊತ್ತು, ದುಂಬಿಗೆ ಗೊತ್ತಿಲ್ಲ. ಅಮೇರಿಕೆಯ ಉದಾಹರಣೆಯೊಂದಿದೆ. ಅಲ್ಲಿ 1916 ರಲ್ಲಿ ನ್ಯೂಜರ್ಸಿ ಪ್ರಾಂತದಲ್ಲಿ ಜಪಾನಿನಿಂದ ಬಂದ ದುಂಬಿಯೊಂದು ಮೊದಲು ಕಂಡಿತು. ಅದರ ಗೊಣ್ಣೆ ಹುಳು ಮನೆ ಮುಂದಿನ ಹುಲ್ಲುಹಾಸುಗಳ ಬೇರು ತಿನ್ನುವದು. ಜನರು ತಮ್ಮ ತಮ್ಮ ಅಂಗಳದಲ್ಲಿ ವಾಸನೆಯ ಬಲೆ ತೂಗಹಾಕತೊಡಗಿದರು. ಪರೀಕ್ಷಿಸಿ ನೋಡಿದರೆ, ಬಲೆಗೆ ಬಿದ್ದುದಕ್ಕಿಂತ ಹೆಚ್ಚು ದುಂಬಿ ಆ ವಾಸನೆಗೆ ಬಂದು ಸುತ್ತಲಿನ ಗಿಡಗಳನ್ನು ತಿನ್ನುತ್ತಿದ್ದವು! ಹಣವಿದ್ದ ದೇಶದಲ್ಲಿಯೂ ಒಬ್ಬೊಬ್ಬನೇ ಮಾಡಿದ ಉಪಾಯದ ಗತಿ ಇದಾಯಿತು.

ಇನ್ನೊಂದು ಆಕ್ಷೇಪಣೆ ಹೆಚ್ಚು ನ್ಯಾಯವಾದುದು. “ನಮಗೆ ಹೊಲವಿಲ್ಲ, ಹಗಲೆಲ್ಲ ದುಡಿದು ಬಂದು ರಾತ್ರಿ ದೊಡ್ಡವರ ಕಬ್ಬು ಕಾಯಲು ನಾವೇಕೆ ಗಿಡ ಅಲ್ಲಾಡಿಸಬೇಕು?” ಎಂದು ಕೂಲಿಯವರು ಕೇಳುತ್ತಾರೆ. ಅವರ ಮಾತು ಸರಿಯೆಂದೇ ನಮ್ಮ ಮತ. ಬಿಟ್ಟಿ ದುಡಿಸುವ ಕಾಲ ಹೋಯಿತು. ಕಬ್ಬು ಬೆಳೆಯುವವರು ಎಕರೆಗಿಷ್ಟೆಂದು ವರ್ಗಣಿ ಹಾಕಿ, ಹಿಡಿದ ದುಂಬಿಗೆ ಕಿಲೋದ ಲೆಕ್ಕದಲ್ಲಿ ಹಣ ಕೊಡಲಿ. ಕಬ್ಬು ಕೊಳ್ಳುವ ಸಕ್ಕರೆ ಕಾರಖಾನೆಗಳು ಅದಕ್ಕೆ ತಮ್ಮ ಪಾಲು ಸೇರಿಸಲಿ. ಕಬ್ಬು ಒಣಗಿದರೆ ಹಾನಿ ಅವರಿಗೂ ಉಂಟಲ್ಲವೆ? ಒಂದು ಚೀಲ ವಿಷದ ಬೆಲೆ ನಾಲ್ಕು ಮನೆಗಳ ಕೂಲಿಯಾಗಿ ಊರಲ್ಲಿಯೇ ಉಳಿಯುವದು.

ಮೂರನೆಯವರು, “ಬೇವಿನ ಗಿಡಗಳನ್ನೇ ಕಡಿದರೆ ದುಂಬಿಗೆ ಊಟವೆಲ್ಲಿ?” ಎನ್ನುತ್ತಾರೆ. ನಮ್ಮ ಬಿರುಬಿಸಿಲಿನ ಸೀಮೆಯಲ್ಲಿ ಬೇವು ಕಡಿಯುವ ಮಾತನ್ನು ಬಾಯಲ್ಲಿಯೂ ತರಬಾರದು. ಗಿಡವಿದೆಯೆಂದೇ ದುಂಬಿ ಒಂದೆಡೆ ಕೂಡಿ ನಮ್ಮ ಕೈಗೆ ಸಿಗುವದು. ಬೇವು ವೈರಿಯ ಮನೆಯಲ್ಲ; ವೈರಿಗೆ ನಾವು ಒಡ್ಡಿದ ಬೋನು.

ಜೊತೆಯ ಕೆಲಸಗಳು

ನಾಲ್ಕು ರಾತ್ರಿಯ ಕೆಲಸಕ್ಕೆ ಬಲ ಕೊಡುವ ಬೇರೆ ಕೆಲಸಗಳೂ ಉಂಟು. ಸುಗ್ಗಿಯ ನಂತರ ಆಳವಾಗಿ ನೇಗಿಲು ಹೊಡೆದರೆ ಅಡಗಿದ್ದ ದುಂಬಿ, ಕೋಶಗಳು ಮೇಲೆ ಬಿದ್ದು ಬಿಸಿಲಿಗೂ ಹಕ್ಕಿಗಳಿಗೂ ಆಹುತಿಯಾಗುವವು. ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿ ಸಾಲುಗಟ್ಟಿದರೆ ಅವನ್ನು ಓಡಿಸಬೇಡಿರಿ. ಅವು ಕೂಲಿ ಕೇಳದ ಆಳುಗಳು. ಹಸಿ ಸಗಣಿಯನ್ನು ಹೊಲಕ್ಕೆ ಚೆಲ್ಲದೆ ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿರಿ. ಹುಳು ಬಿದ್ದ ಹೊಲದಲ್ಲಿ ಕುಳೆ ಕಬ್ಬನ್ನು ವರ್ಷದ ಮೇಲೆ ವರ್ಷ ಇಟ್ಟುಕೊಳ್ಳಬೇಡಿರಿ. ಉಳುಮೆಯಿಲ್ಲದ ನೆಲವೆಂದರೆ ಗೊಣ್ಣೆಗೆ ತೊಟ್ಟಿಲು.

ಮೆಟರೈಜಿಯಂ ಎಂಬ ಬೂಷ್ಟು ಗೊಣ್ಣೆ ಹುಳುವಿಗೆ ರೋಗ ತರುತ್ತದೆ. ಸತ್ತ ಹುಳುವಿನ ಮೈ ಹಸಿರು ಪುಡಿ ಬಳಿದಂತೆ ಕಾಣುವದು. ಅದನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ, ಮಣ್ಣು ಹಸಿಯಿರುವ ಜೂನ್–ಜುಲೈಗಳಲ್ಲಿ, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಂತೆ ಬುಡಕ್ಕೆ ಹಾಕುತ್ತಾರೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಹೆಟೆರೋರಾಬ್ಡಿಟಿಸ್ ಎಂಬ, ಕಣ್ಣಿಗೆ ಕಾಣದ ಜಂತುವನ್ನು ಪುಡಿಯ ರೂಪದಲ್ಲಿ ಸಿದ್ಧಪಡಿಸಿದ್ದಾರೆ. ಅದು ಮಣ್ಣಿನೊಳಗೆ ಗೊಣ್ಣೆಯನ್ನು ಹುಡುಕಿ ಕೊಲ್ಲುವದು. ಇವು ಜೀವವಿರುವ ಮದ್ದುಗಳು. ಬಿಸಿಲಲ್ಲಿಟ್ಟರೆ ಸಾಯುವವು, ಒಣ ಮಣ್ಣಿನಲ್ಲಿ ಕೆಲಸ ಮಾಡವು. ಆದುದರಿಂದ ಸಂಜೆಯಲ್ಲಿ, ಹಸಿ ನೆಲಕ್ಕೆ ಹಾಕಬೇಕು.

ತಿಳಿಯುವ ಮಾತಿನಲ್ಲಿ ತಿಳುವಳಿಕೆ

ಸೋಲಾಪುರ, ಸಾಂಗಲಿ ಜಿಲ್ಲೆಗಳು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಕ್ಷೇತ್ರಕ್ಕೆ ಸೇರಿವೆ. 1932 ರಲ್ಲಿ ಆರಂಭವಾದ ಪಾಡೇಗಾವದ ಕಬ್ಬಿನ ಸಂಶೋಧನ ಕೇಂದ್ರವೂ ಅದರದೇ. ಹುಮಣಿಯ ಬಗ್ಗೆ ಅವರ ತಿಳುವಳಿಕೆ ಒಳ್ಳೆಯದು. ಅದನ್ನು ಓದಬಲ್ಲವರು ಓದಿ ಲಾಭ ಪಡೆಯಬೇಕು. ಆದರೆ ಮನೆಯಲ್ಲಿ ಕನ್ನಡವನ್ನೇ ಆಡುವ, ಕನ್ನಡವನ್ನೇ ಓದುವ ಹಿರಿಯರಿಗೂ ಹೆಣ್ಣುಮಕ್ಕಳಿಗೂ ಆ ಮಾತು ಮುಟ್ಟುವದು ಕಷ್ಟ. ಹೊಲದಲ್ಲಿ ಬುಡ ಅಗೆಯುವವರು ಬಹುಮಟ್ಟಿಗೆ ಅವರೇ. ಗಡಿಯ ಆಚೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕನ್ನಡ ತಿಳುವಳಿಕೆಯಿದೆ. ಅದು ಗಡಿಯ ಈಚೆಗೆ ನಮ್ಮ ಹೊಲದವರೆಗೆ ಬರುವದು ಅಪರೂಪ. ಎರಡೂ ಕಡೆಯವರು ಕೂಡಿ, ನಮ್ಮ ಗ್ರಾಮ ಪಂಚಾಯತಿಗಳ ಗೋಡೆಯ ಮೇಲೆ ಮೇ ತಿಂಗಳಲ್ಲಿ ಒಂದು ಕನ್ನಡ ಹಾಳೆ ಹಚ್ಚಲಿ ಎಂದು ನಾವು ಕೇಳುತ್ತೇವೆ. ಇದರಲ್ಲಿ ಯಾರ ಮೇಲಿನ ದೂರೂ ಇಲ್ಲ. ದುಂಬಿಗೆ ಕನ್ನಡ ಗಿಡ, ಮರಾಠಿ ಗಿಡ ಎಂಬ ಭೇದವಿಲ್ಲ. ಅದನ್ನು ಹಿಡಿಯಲು ಎರಡೂ ಮಾತಿನವರು ಒಂದೇ ತಟ್ಟಿನ ನಾಲ್ಕು ತುದಿ ಹಿಡಿಯಬೇಕಾಗುವದು.

ಆದರೆ ಹಾಳೆ ಬರಲಿ, ಬಾರದಿರಲಿ, ನಮ್ಮ ಕೆಲಸ ನಿಲ್ಲಬಾರದು. ಬಸವ ಜಯಂತಿಗೆ ಊರೆಲ್ಲ ಕೂಡಿದಾಗ ಮೆರವಣಿಗೆ ಮುಗಿದ ಮೇಲೆ ಅರ್ಧ ತಾಸು ಕುಳಿತು, ಯಾವ ತಂಡಕ್ಕೆ ಯಾವ ಗಿಡ, ಕೊಕ್ಕೆಗೋಲು ಯಾರದು, ವರ್ಗಣಿ ಎಷ್ಟು ಎಂಬುದನ್ನು ಬರೆದಿಡಿರಿ. ಮೊದಲ ಮಳೆ ಬಿದ್ದ ಸಂಜೆ ಗುಡಿಯ ಗಂಟೆ ಬಾರಿಸಿದರೆ ಎಲ್ಲರೂ ಹೊರಡಬೇಕೆಂದು ಗೊತ್ತು ಮಾಡಿರಿ. ಕಾರಹುಣ್ಣಿಮೆಗೆ ಎತ್ತು ಓಡಿಸುವ ಹೊತ್ತಿಗೆ ಈ ಕೆಲಸ ಮುಗಿದಿರಲಿ.

ಬರುವ ಮಹಾನವಮಿಗೆ “ಏನು ಹಾಕಬೇಕು?” ಎಂಬ ಕಾಗದ ನಿಮ್ಮ ಊರಿಂದ ಬಾರದಿದ್ದರೆ, ಈ ಪುಟ ಬರೆದ ನಮ್ಮ ಶ್ರಮ ಸಾರ್ಥಕ. ಯಾವ ಊರಲ್ಲಿ ಎಷ್ಟು ಬುಟ್ಟಿ ದುಂಬಿ ಸಿಕ್ಕವೆಂದು ತಿಳಿಸಿರಿ. ಅದನ್ನು ಸಂತೋಷದಿಂದ ಅಚ್ಚು ಹಾಕುತ್ತೇವೆ.